ಬೀಗಿತ್ತಿಯ ಕಾಲಿಗೆ ಬಿದ್ದ ಕರಬೂಜ

ಬೀಗಿತ್ತಿಯಾಗುವವಳ ಮುಂದೆ ದೊಡ್ಡ ಮನುಷ್ಯನಂತೆಯೇ ನಡೆದುಕೊಳ್ಳುವುದೆಂದು ಎವಾರಿಸ್ತೊ ತನ್ನೂರು ತಾಲ್ಕಾದಲ್ಲಿ ಬಸ್ ಹತ್ತುವಾಗಲೇ ಭೀಷ್ಮಪ್ರತಿಜ್ಞೆ ಮಾಡಿದ್ದ. ಬಂದರು ಪಟ್ಟಣ ವಾಲ್ಪರೈಸೊದಲ್ಲಿರುವ ಮಗಳು ಯಸ್ನಾ ಮೆಚ್ಚಿದ ಹುಡುಗನ ತಾಯಿ ಇಸ್ಮೆನಿಯಾ, ಕಾಸಾಬ್ಲಾಂಕಾ ಕಣಿವೆಯ ದ್ರಾಕ್ಷಿ ತೋಟದಲ್ಲಿ ವೈನ್ ರುಚಿ ನೋಡುವ ಪಂಡಿತೆ. ಆಕೆ ಒಪ್ಪಿದರೆ ಮದುವೆ, ಮೂಗು ಮುರಿದರೆ ಮಗಳ ಕಣ್ಣೀರು.

"ರೀ, ಅಲ್ಲಿ ಕರಬೂಜದ ಮಾತೆತ್ತಿದ್ರೆ ನಾನು ವಾಪಸ್ ಬಸ್ ಹತ್ತಿಬಿಡ್ತೀನಿ," ಎಂದಳು ಹೆಂಡತಿ ಸುನಿಲ್ದಾ.

"ನನ್ನ ಏನಂತ ತಿಳ್ಕೊಂಡಿದೀಯ?"

"ಏನಂತ ಗೊತ್ತಿರೋದಕ್ಕೇ ಹೇಳ್ತಿದೀನಿ."

ಬೇಸಗೆ ಬಂತೆಂದರೆ ಎವಾರಿಸ್ತೊ ಕರಬೂಜದ ತಲೆ ಕೊಯ್ದು, ಬೀಜ ತೆಗೆದು, ಒಳಗೆ ತಣ್ಣನೆಯ ಬಿಳಿ ವೈನ್ ಸುರಿದು, ಕೊಳವೆ ಹಾಕಿ ಹೀರುವವನು. ಊರಿಗೆ ಊರೇ ಹಾಗೆ ಹೀರುತ್ತದೆ. ಆದರೆ ವೈನ್ ಪಂಡಿತರೆದುರು ಅದರ ಹೆಸರೆತ್ತುವುದೆಂದರೆ ಬನಿಯನ್ನಿನಲ್ಲಿ ಮದುವೆಗೆ ಹೋದ ಹಾಗೆ.

ಮರುದಿನ ಬೆಳಿಗ್ಗೆ ಮಗಳ ಮನೆಗೆ ರೊಟ್ಟಿ ತರಲು ಬೆಟ್ಟ ಇಳಿದವನಿಗೆ ಬಂದರಿನ ಪಕ್ಕದ ಮಾರುಕಟ್ಟೆಯಲ್ಲಿ ಕರಬೂಜದ ರಾಶಿ ಕಂಡಿತು. ಇಡೀ ಆಯುಷ್ಯ ತಾಲ್ಕಾದಲ್ಲಿ ಹಣ್ಣಿನಂಗಡಿ ಇಟ್ಟವನ ಕೈ ಸುಮ್ಮನಿದ್ದೀತೆ? ಒಂದೊಂದನ್ನೂ ತಟ್ಟಿದ, ಮೂಸಿದ, ತೊಟ್ಟಿನ ಜಾಗ ಒತ್ತಿದ.

"ನಾನೇ ಒಂದು ಒಳ್ಳೇದು ಆರಿಸಿಕೊಡ್ಲಾ ಯಜಮಾನ್ರೇ?" ಎಂದ ಮಾರುವವ.

"ನನಗೇ ಕಲಿಸ್ತೀಯೇನಪ್ಪಾ? ಈ ಕೈ ಇವತ್ತಿನವರೆಗೂ ಮೋಸ ಹೋಗಿಲ್ಲ."

ತಾನೇ ಒಂದನ್ನು ಆರಿಸಿ ಕೊಂಡ. ಸಂಜೆ ಗುಟ್ಟಾಗಿ ಹೀರಿದರಾಯಿತೆಂದು ಅವನ ಲೆಕ್ಕ. ಆದರೆ ತಿರುಗಿ ನೋಡಿದರೆ ಹೆಂಡತಿ, ಮಗಳು ಇಬ್ಬರೂ ಸಿಂಗರಿಸಿಕೊಂಡು ಅವನನ್ನೇ ಹುಡುಕುತ್ತ ಬರುತ್ತಿದ್ದಾರೆ. ಹಣ್ಣು ಚೀಲದ ತಳ ಸೇರಿತು, ಅದರ ಮೇಲೆ ಮೈಮೇಲಿದ್ದ ಕೋಟು. ಇಸ್ಮೆನಿಯಾಳ ತೋಟಕ್ಕೆ ಹೋಗುವ ಬಸ್ಸಿಗೆ ಇನ್ನೂ ಹೊತ್ತಿತ್ತು. ಬೆಟ್ಟದ ಮೇಲಿನ ಬಣ್ಣದ ಗೋಡೆಗಳನ್ನು ನೋಡಬೇಕೆಂದಳು ಸುನಿಲ್ದಾ. ಮೆಟ್ಟಿಲು ಹತ್ತಿದರು, ಇಳಿದರು, ಇನ್ನೊಂದು ಬೆಟ್ಟ ಹತ್ತಿದರು. ಎವಾರಿಸ್ತೊ ಬೆವರಿನಲ್ಲಿ ಸ್ನಾನ ಮಾಡಿದ.

"ಚೀಲದಲ್ಲಿ ಏನ್ರೀ ಅಷ್ಟು ಭಾರ?"

"ಕೋಟು."

"ಒಂದು ಕೋಟಿಗೆ ಇಷ್ಟು ಏದುಸಿರಾ?"

"ದಪ್ಪ ಬಟ್ಟೆ ಕಣೇ."

ತೋಟದಲ್ಲಿ ಇಸ್ಮೆನಿಯಾ ವೈನ್ ಲೋಟವನ್ನು ಮೂಸಿದಳು, ಒಂದು ಗುಟುಕು ಬಾಯಲ್ಲಿ ಆಡಿಸಿದಳು, ರುಚಿ ನೋಡುವವರ ಪದ್ಧತಿಯಂತೆ ಪಕ್ಕದ ಡಬ್ಬಿಗೆ ಉಗುಳಿದಳು. ಅಂಥ ವೈನನ್ನು ಉಗುಳುವುದು ನೋಡಿ ಎವಾರಿಸ್ತೊನ ಕರುಳು ಚುರ್ ಎಂದಿತು. ಆದರೂ ಮಗಳ ಮುಖ ನೋಡಿ ತಾನೂ ಒಂದು ಗುಟುಕು ಆಡಿಸಿ ಉಗುಳಿದ. ಉಗುಳಿ, ಕಣ್ಣು ಮುಚ್ಚಿ, "ಸಮುದ್ರದ ಮಂಜು. ಹಸಿರು ಪೇರಳೆ. ಕೊನೆಯಲ್ಲಿ ಒಂಚೂರು ವಿಷಾದ," ಎಂದ.

ಇಸ್ಮೆನಿಯಾ ಹುಬ್ಬೇರಿಸಿದಳು. "ಪರವಾಗಿಲ್ವೇ ಬೀಗರೇ, ನಿಮ್ಮ ನಾಲಿಗೆ ಚುರುಕಾಗಿದೆ."

ಬೀಗರೇ ಎಂದುಬಿಟ್ಟಳು. ಯಸ್ನಾಳ ಕಣ್ಣು ಮಿನುಗಿತು. ಅಷ್ಟರಲ್ಲಿ ಕಡಲ ಕಡೆಯಿಂದ ಚಳಿಗಾಳಿ ಬೀಸಿತು. ಗಂಡ ನಡುಗುವುದನ್ನು ಕಂಡ ಸುನಿಲ್ದಾ ಅಕ್ಕರೆಯಿಂದ ಚೀಲಕ್ಕೆ ಕೈಹಾಕಿ ಕೋಟು ಎಳೆದಳು. ಕೋಟಿನ ಬೆನ್ನಿಗೇ ಕರಬೂಜ ಹೊರಬಿದ್ದು, ಉರುಳಿ, ಇಸ್ಮೆನಿಯಾಳ ಬೂಟಿನ ಬಳಿ ನಿಂತಿತು.

ಹಣ್ಣು, ವೈನ್ ಎರಡೂ ಒಂದೆಡೆ ಇದ್ದ ಮೇಲೆ ಅದು ಯಾತಕ್ಕೆಂದು ಈ ದೇಶದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಯಸ್ನಾ ನೆಲ ನೋಡಿದಳು. ಮಗಳ ಬಾಳು ಹಾಳು ಮಾಡಿದೆನಲ್ಲ ಎಂದು ಎವಾರಿಸ್ತೊಗೆ ಅಳುವೇ ಬಂತು.

ಇಸ್ಮೆನಿಯಾ ತೋಟದ ಬಾಗಿಲ ಕಡೆ ನೋಡಿದಳು. ಯಾರೂ ಬರುತ್ತಿರಲಿಲ್ಲ. "ಉಗುಳಿ ಉಗುಳಿ ನನಗೂ ಸಾಕಾಗಿದೆ. ಯಸ್ನಾ, ಅಲ್ಲಿ ಚಾಕು ಇದೆ ನೋಡಮ್ಮ," ಎಂದಳು.

ತಲೆ ಕೊಯ್ದರು, ಬೀಜ ತೆಗೆದರು, ತೋಟದ ಅತ್ಯುತ್ತಮ ವೈನನ್ನೇ ಸುರಿದರು. ಇಸ್ಮೆನಿಯಾ ಆಸೆಯಿಂದ ಹೀರಿದಳು. ಮುಖ ಕಿವುಚಿಕೊಂಡಿತು. ಈ ಸಲ ಡಬ್ಬಿಗೆ ಉಗುಳಿದ್ದು ವೃತ್ತಿಧರ್ಮಕ್ಕಲ್ಲ.

"ಅಯ್ಯೋ, ಹಸೀ ಕಾಯಿ! ಸೌತೆಕಾಯಿ ಇದ್ದಂಗಿದೆ. ಯಾವನೋ ನಿಮಗೆ ಚೆನ್ನಾಗಿ ಟೋಪಿ ಹಾಕಿದಾನೆ ಬೀಗರೇ. ಅಂದಹಾಗೆ, ನಿಮ್ಮದೊಂದು ಅಂಗಡಿ ಇದೆ ಅಂತ ಮಗ ಹೇಳ್ತಿದ್ದ. ಯಾತರ ಅಂಗಡಿ?"

ಎವಾರಿಸ್ತೊನ ಕಣ್ಣು ಹೆಂಡತಿಯ ಕೈಯಲ್ಲಿದ್ದ ಕೋಟಿನ ಮೇಲೆ ಬಿತ್ತು.

"ಬಟ್ಟೆ ಅಂಗಡಿ," ಎಂದ.

ಮದುವೆಯಾದಾಗಿನಿಂದ ಗಂಡನ ಒಂದು ಮಾತನ್ನೂ ತಿದ್ದದೆ ಬಿಡದಿದ್ದ ಸುನಿಲ್ದಾ ಅವನ ಕೆಂಪಾದ ಮುಖ ನೋಡಿದಳು. "ಹೌದು ಬೀಗಿತ್ತಿ, ಬಟ್ಟೆ ಅಂಗಡಿ," ಎಂದಳು.

"ಒಳ್ಳೇದಾಯ್ತು," ಎಂದಳು ಇಸ್ಮೆನಿಯಾ, ಹಣ್ಣನ್ನು ಪಕ್ಕಕ್ಕಿಡುತ್ತ. "ಹಾಗಾದ್ರೆ ಮದುವೆಗೆ ಹಣ್ಣು ನಾನು ತರಿಸ್ತೀನಿ. ಬಟ್ಟೆ ಎಲ್ಲಾ ನಿಮ್ಮಂಗಡಿಯದ್ದೇ ಆಗ್ಲಿ."