ರವದಿ, ಡ್ರಮ್ಮು ಮತ್ತು ನನ್ನ ಶುದ್ಧ ಗಾಳಿ

ಈ ಸಲ ಕುಲಗೋಡದಲ್ಲಿ ಯಾರೂ ಕಬ್ಬಿನ ರವದಿಗೆ ಬೆಂಕಿ ಇಡಬಾರದೆಂದು ಊರಿನವರೆಲ್ಲ ಕೂಡಿ ಠರಾವು ಮಾಡಿದೆವು. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಗರಿಯೇ ರವದಿ. ಪ್ರತಿ ವರ್ಷ ಅದು ಹೊತ್ತಿಕೊಂಡಾಗ ಊರೆಲ್ಲ ಕೆಮ್ಮುತ್ತಿತ್ತು. ಸುಡುವ ಬದಲು ಕೊಳೆಸಿ ಗೊಬ್ಬರ ಮಾಡಲು ಒಂದು ಸಮಿತಿಯಾಯಿತು. ನಿವೃತ್ತ ವಿಜ್ಞಾನ ಮಾಸ್ತರನಾದ ನಾನು ಅದರ ಅಧ್ಯಕ್ಷ. ಸಹಜವೇ!

ರವದಿ ಕೊಳೆಸುವ ದ್ರಾವಣವನ್ನು ನಾನೇ ತಯಾರಿಸಿದೆ. ಸಗಣಿ, ಗೋಮೂತ್ರ, ಬೆಲ್ಲ, ಕಡಲೆಹಿಟ್ಟು ಎಲ್ಲವನ್ನೂ ಪ್ಲಾಸ್ಟಿಕ್ ಡ್ರಮ್ಮಿಗೆ ಸುರಿದು, ಮುಚ್ಚಳ ಬಿಗಿದು, ಹಿತ್ತಲ ಬಿಸಿಲಿನಲ್ಲಿಟ್ಟೆ. ಮುಚ್ಚಳ ಸಡಿಲ ಇರಬೇಕೆಂದು ಯಾರೋ ಅಂದರು. ವಿಜ್ಞಾನ ಕಲಿಸಿದವನಿಗೇ ಪಾಠ!

ಮೂರನೆಯ ದಿನ ಮಧ್ಯಾಹ್ನ ಅಲ್ಲೇ ಬೇವಿನ ನೆರಳಿನಲ್ಲಿ ಹೊರಸಿನ ಮೇಲೆ ಮಲಗಿದ್ದೆ. ಎಲೆಗಳ ಸಂದಿಯಲ್ಲಿ ಆಕಾಶ ತೊಳೆದಿಟ್ಟಂತಿತ್ತು. ಕಣ್ಣು ಅರ್ಧ ಮುಚ್ಚಿದವು. ಗಾಳಿ ಎಷ್ಟು ತಿಳಿಯಾಗಿತ್ತೆಂದರೆ, ಮಲಗಿದಲ್ಲಿಂದಲೇ ಗೋಕಾಕದ ಗುಡ್ಡ ಕಾಣುತ್ತಿತ್ತು. ಜಲಪಾತದ ಹನಿಗಳು ಮುಖದ ಮೇಲೆ ಬೀಳುತ್ತಿದ್ದವು. ಬೆಳ್ಳಕ್ಕಿಗಳು ಸಾಲಾಗಿ ಇಳಿದು ಬಂದು, ಕೊಕ್ಕಿನಲ್ಲಿ ಹಿಡಿದ ಹಾರವನ್ನು ನನ್ನ ಕೊರಳಿಗೆ ಹಾಕುತ್ತಿದ್ದವು...

"ಏನ್ರಿ, ಡ್ರಮ್ಮ ಗುಳುಗುಳು ಅನ್ನಾಕತ್ತೈತಿ" ಎಂದಳು ಹೆಂಡತಿ ಶಾಂತವ್ವ.

"ಅನ್ನಲಿ ಬಿಡು. ಸೂಕ್ಷ್ಮಜೀವಿ ಕೆಲಸ ಮಾಡಾಕತ್ತಾವ."

"ಅದರ ಹೊಟ್ಟಿ ಉಬ್ಬೈತ್ರಿ!"

"ನಂದೂ ಉಬ್ಬೈತಿ. ಹಂಗಂತ ನಾ ಸಿಡೀತೇನೇನ?"

ನಾನು ಸಿಡಿಯಲಿಲ್ಲ. ಡ್ರಮ್ಮು ಸಿಡಿಯಿತು!

ಮುಚ್ಚಳ ಬೇವಿನ ಮರ ದಾಟಿತು. ದ್ರಾವಣ ಗೋಡೆ ದಾಟಿತು. ಗೋಡೆಯಾಚೆ ದಸ್ತಗೀರಸಾಬರ ಅಂಗಳ. ಅವರ ಮಗಳನ್ನು ನೋಡಲು ಅಂದೇ ಘಟಪ್ರಭಾದಿಂದ ಗಂಡಿನವರು ಬರುವವರಿದ್ದರು. ಅಂಗಳದಲ್ಲಿ ಹೊಸ ಜಮಖಾನೆ ಹಾಸಿತ್ತು.

"ಮಾಸ್ತರ್ರ! ಗಂಡಿನವರು ಬಸ್ ಇಳದಾರ್ರಿ! ಈ ನಾತದಾಗ ಯಾರು ಹೆಣ್ಣ ನೋಡ್ತಾರ?" ದಸ್ತಗೀರಸಾಬರು ಗೋಡೆಯಾಚೆಯಿಂದ ಕೂಗಿದರು.

ಆ ಹುಡುಗಿ ನನ್ನ ಕೈಯಲ್ಲೇ ಕಲಿತವಳು. ಶಾಂತವ್ವನನ್ನೂ ಕರೆದೆ. ಓಡಿ ಹೋಗಿ ಜಮಖಾನೆ ಬದಲಿಸಿದೆವು, ಕೊಡಗಟ್ಟಲೆ ನೀರು ಸುರಿದೆವು. ನಾತ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಆಗ ಹೊಳೆಯಿತು: ನಾತಕ್ಕೆ ಹೊಗೆಯೇ ಮದ್ದು! ಹಿತ್ತಲಿಂದ ಒಂದು ಹೊರೆ ರವದಿ ತಂದು ಅವರ ಬಾಗಿಲ ಮುಂದೆ ಓಣಿಯಲ್ಲಿ ಒಟ್ಟಿ, ಮೇಲೆ ಹಸಿ ಬೇವಿನ ಸೊಪ್ಪು ಹೇರಿ, ಕಡ್ಡಿ ಗೀರಿದೆ.

ಈ ವರ್ಷದ ಮೊದಲ ಬೆಂಕಿ, ಸಮಿತಿಯ ಅಧ್ಯಕ್ಷರ ಅಮೃತಹಸ್ತದಿಂದ!

ಓಣಿ ಮೋಡದಲ್ಲಿ ಮುಳುಗಿತು. ಆ ಬಿಳಿ ಮಬ್ಬಿನೊಳಗಿಂದ ಗಂಡಿನವರು ದೇವಲೋಕದವರಂತೆ ತೇಲಿ ಬಂದರು. ಸದ್ದಿಲ್ಲ, ಮುಖವಿಲ್ಲ, ಬರೀ ಬಿಳಿ ಅಂಗಿಗಳು. ಓಣಿಯ ಮಂದಿಯೆಲ್ಲ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದರು. ಹುಡುಗನ ತಂದೆ ನನ್ನ ಕೈ ಹಿಡಿದರು.

"ಇನ್ನೂ ನೋಡಾಕ ಬಂದೇವಿ, ಆಗಲೇ ಎಲ್ಲಾರೂ ಹಿಂಗ ಅಳಾಕತ್ತೀರಿ! ಹುಡುಗಿ ಮ್ಯಾಲ ಎಷ್ಟ ಮಾಯಾ ಐತ್ರಿ ಈ ಓಣ್ಯಾಗ! ನಾವು ಬಿಡಂಗಿಲ್ಲ, ಈಕೀನ ನಮ್ಮ ಸೊಸಿ!"

ಮಾತುಕತೆ ಮುಗಿದು ಅವರು ಹೋಗುವ ಹೊತ್ತಿಗೆ ಹೊಗೆಯೂ ಇಳಿಯಿತು. ಸಂಜೆ ಸಮಿತಿಯವರು ದಸ್ತಗೀರಸಾಬರನ್ನೂ ಕರೆದುಕೊಂಡು ಬಂದರು. ನಾನು ತಲೆ ತಗ್ಗಿಸಿ ಎದ್ದು ನಿಂತು, ಊರ ಗಾಳಿಯ ಸಲುವಾಗಿ ಇನ್ನು ಮುಂದೆ ಏನು ಮಾಡಲೆಂದು ವಿನಯದಿಂದ ಕೇಳಿದೆ.

"ಏನೂ ಮಾಡಬ್ಯಾಡ್ರಿ ಮಾಸ್ತರ್ರ" ಎಂದರು ದಸ್ತಗೀರಸಾಬರು. "ನೀವು ಬರೇ ಉಸಿರಾಡ್ರಿ. ಅದೂ ಸಾವಕಾಶ!"