ಹುಲಿ ನೋಡಲು ಹೋಗಿ ಆನೆಗೆ ಬಲಿಯಾದ ಕಥೆ

ಹೆಂಡತಿ ಮನೆಯಲ್ಲಿಲ್ಲದಿದ್ದರೂ ಗಂಡಸು ಮಹಾರಾಜನ ಹಾಗೆ ಬದುಕಬಲ್ಲ ಎಂಬುದನ್ನು ಇಡೀ ಲೋಕಕ್ಕೆ, ಮುಖ್ಯವಾಗಿ ಹಾಸನಕ್ಕೆ, ತೋರಿಸಿಯೇ ಬಿಡುತ್ತೇನೆಂದು ನಾನು ಪ್ರತಿಜ್ಞೆ ಮಾಡಿದೆ! ಹಾಸನಕ್ಕೆ ಯಾಕೆಂದರೆ ನನ್ನ ಹೆಂಡತಿ ರುದ್ರಾಣಿ ಅಲ್ಲಿದ್ದಳು. ಮಗಳು ರಕ್ಷಾಳ ಬಾಣಂತನಕ್ಕೆಂದು ಹೋದವಳು. ಬಾಣಂತನ ಮುಗಿಯಿತು, ಮೊಮ್ಮಗ ಮಗುಚಿಕೊಳ್ಳಲು ಕಲಿತ, ಬೀಗಿತ್ತಿಯೂ ಬಂದು ಸೇರಿಕೊಂಡರು. ಇವಳು ಮಾತ್ರ ವಾಪಸು ಬರುವ ಸೂಚನೆಯೇ ಇಲ್ಲ. ದಿನಾ ಸಂಜೆ ಫೋನಿನಲ್ಲಿ ಒಂದೇ ಮಾತು.

"ಇನ್ನೊಂದ್ ಹದಿನೈದ್ ದಿನ ಇದ್ದು ಬರ್ಲಾ?"

"ಇರು, ಇರು! ನಂಗೇನಾಗಿದೆ ಇಲ್ಲಿ? ಆರಾಮಾಗಿದೀನಿ."

"ಹಂಗಾದ್ರೆ ಸರಿ."

"ಸರಿ."

ಫೋನ್ ಇಟ್ಟ ಮೇಲೆ ಈ ಆರಾಮದ ಪಾಡು ಏನು ಹೇಳಲಿ! ಬಾಳೂರಿನ ನಮ್ಮ ತೋಟದ ಮನೆಗೆ ಹತ್ತಿರದ ಮನೆ ಎಂದರೆ ವೀರೇಂದ್ರನದು, ಅದೂ ಹಳ್ಳ ದಾಟಿ ಗುಡ್ಡದ ಆಚೆ. ಕೊಯ್ಲು ಮುಗಿದಿತ್ತು. ಸಂಜೆ ಆಳುಗಳು ಲೈನ್ ಮನೆ ಕಡೆ ಹೊರಟರೆ ಆಮೇಲೆ ನನ್ನ ಜೊತೆ ಮಾತಾಡುತ್ತಿದ್ದದ್ದು ಕುಕ್ಕರ್ ಒಂದೇ. ಅದೂ ಎರಡು ಸಲ ಕೂಗಿ ಸುಮ್ಮನಾಗುತ್ತಿತ್ತು. ಮೊಬೈಲ್ ಕಂಪನಿಯ ಹುಡುಗಿ ಫೋನ್ ಮಾಡಿ "ಸಾರ್, ಹೊಸ ಪ್ಲಾನ್ ಬೇಕಾ?" ಎಂದಾಗ ನಾನು ಅವಳಿಗೆ ಈ ಸಲದ ಮೆಣಸಿನ ಬಳ್ಳಿಗೆ ಬಂದ ರೋಗದ ಬಗ್ಗೆ ಸವಿಸ್ತಾರವಾಗಿ ಹೇಳಿದೆ. ಪಾಪ, ಆ ಕಡೆಯಿಂದಲೇ ಫೋನ್ ಕಟ್ಟಾಯಿತು.

ಬೇಜಾರು. ಮುಚ್ಚಿಟ್ಟುಕೊಳ್ಳುವುದೇನಿದೆ, ವಿಪರೀತ ಬೇಜಾರು. ಆದರೆ "ಬಾ" ಎಂದು ನಾನ್ಯಾಕೆ ಹೇಳಬೇಕು? ಅವಳಿಗೇ ಅನ್ನಿಸಬೇಡವೇ? ಅವಳಾಗಿಯೇ "ನಿಮ್ಮನ್ನ ಬಿಟ್ಟಿರೋಕ್ಕಾಗ್ತಿಲ್ಲ, ಬರ್ತೀನಿ" ಎಂದು ಒಂದು ಮಾತು ಹೇಳಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ಹಾಗೆ ಅನ್ನಿಸಲು ಏನು ಮಾಡಬೇಕು? ಯೋಚಿಸಿ ಯೋಚಿಸಿ ಒಂದು ಮಹಾಯೋಜನೆ ಹೊಳೆಯಿತು. ಸಫಾರಿ! ನಾನೇ ಗಾಡಿ ಓಡಿಸಿಕೊಂಡು ಮುತ್ತೋಡಿ ಕಾಡಿಗೆ ಹೋಗುವುದು, ಹುಲಿ ನೋಡುವುದು, ಕೂಲಿಂಗ್ ಗ್ಲಾಸ್ ಹಾಕಿಕೊಂಡ ಫೋಟೊ ಕಳಿಸುವುದು. ಹೊಟ್ಟೆಕಿಚ್ಚಿನಿಂದಲಾದರೂ ಓಡಿ ಬರುತ್ತಾಳೆ! ಆದರೆ ನಮ್ಮ ಹಳೇ ಜೀಪಿನ ಪಕ್ಕ ನಿಂತವರು ಯಾವ ಫೋಟೊದಲ್ಲೂ ಸುಖವಾಗಿ ಕಾಣುವುದಿಲ್ಲ. ಅದಕ್ಕೇ ಸೆಲ್ಫ್ ಡ್ರೈವ್ ಬಾಡಿಗೆಗೆ ಒಂದು ಕೆಂಪು ಕಾರು ಬುಕ್ ಮಾಡಿದೆ. ಮನೆ ಬಾಗಿಲಿಗೇ ತಂದುಕೊಡುತ್ತೇವೆ ಎಂದರು. ಶನಿವಾರ ಸಂಜೆ ಹಾಸನಕ್ಕೆ ಘೋಷಣೆ ಹೊರಟಿತು.

"ನಾಳೆ ಸಫಾರಿಗೆ ಹೋಗ್ತಿದೀನಿ."

"ಯಾರ್ ಜೊತೆ?"

ಒಬ್ಬನೇ ಎನ್ನಲು ನಾಲಿಗೆ ಏಳಲಿಲ್ಲ. "ವೀರೇಂದ್ರ, ರೇಣುಕಪ್ರಸಾದ್... ದೊಡ್ಡ ಗುಂಪೇ ಇದೆ!"

"ಯಾವುದ್ರಲ್ಲಿ?"

"ನಮ್ ಜೀಪಲ್ಲೇ." ಬಾಡಿಗೆ ಕಾರು ಎಂದಿದ್ದರೆ ಫೋನಿನಲ್ಲೇ ಮಂಗಳಾರತಿ ಆಗುತ್ತಿತ್ತು.

"ಹೋಗ್ಬನ್ನಿ ಬಿಡಿ. ನಿಮಗೇನು!" ಎಂದಳು. ದನಿ ಸ್ವಲ್ಪ ಸಪ್ಪಗಾದಂತಿತ್ತು. ಬಾಣ ನಾಟಿತು ಎಂದುಕೊಂಡು ನೆಮ್ಮದಿಯಾಗಿ ಮಲಗಿದೆ.

ಭಾನುವಾರ ಬೆಳಗ್ಗೆ ಕಾರು ಬಂತು. ಕಪ್ಪು ನಂಬರ್ ಪ್ಲೇಟಿನ ಮೇಲೆ ಹಳದಿ ಅಕ್ಷರ, ಬಾಡಿಗೆ ಕಾರಿನ ಗುರುತು. ತಂದವನು ಕೀ ಕೊಡುತ್ತಾ ಮನೆಯ ಕಡೆ ಇಣುಕಿ, "ಒಬ್ರೇನಾ ಸಾರ್?" ಎಂದ. "ಹೂಂ, ಒಬ್ಬನೇ!" ಎಂದು ಗತ್ತಿನಿಂದ ಹೇಳಿದೆ. ಅವನು ತನ್ನ ಜೊತೆಗಾರನ ಬೈಕ್ ಹತ್ತಿ ಹೋದ. ಆಳುಗಳಿಗೆ ರಜೆ. ನಾನು ಮನೆಗೆ ಬೀಗ ಜಡಿದು ಹೊರಟಿದ್ದನ್ನು ನೋಡಿದವರು ಯಾರೂ ಇರಲಿಲ್ಲ.

ನಮ್ಮ ಕಡೆ ಮನುಷ್ಯನನ್ನು ಗುರುತಿಸುವುದು ಅವನ ಗಾಡಿಯಿಂದ. ನನ್ನ ಜೀಪು ತಿರುವಿನಲ್ಲಿ ಕಂಡರೆ ಸಾಕು, ಕೊಟ್ಟಿಗೆಹಾರ ತಲುಪುವುದರೊಳಗೆ ಹತ್ತಾರು ಜನ ಕೈ ಎತ್ತುತ್ತಾರೆ, ನಾನೂ ಎತ್ತುತ್ತೇನೆ. ಅವತ್ತೂ ಎತ್ತಿದೆ. ಒಬ್ಬನೂ ವಾಪಸು ಎತ್ತಲಿಲ್ಲ! ಕಪ್ಪು ಪ್ಲೇಟು ನೋಡಿದವರೇ ಮುಖ ತಿರುಗಿಸಿದರು. ಒಬ್ಬಾಕೆ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದವಳು, "ಬಂದ್ವು ಬಾಟ್ಲಿ ಎಸಿಯೋಕೆ!" ಎಂದು ನನಗೆ ಕೇಳುವಂತೆಯೇ ಬೈದಳು. ಹುಟ್ಟಿದ ಊರಿನಲ್ಲಿ ನಾನು ಟೂರಿಸ್ಟ್ ಆಗಿದ್ದೆ!

ಬಣಕಲ್‌ನಲ್ಲಿ ನಮ್ಮ ತೋಟದ ಮೇಸ್ತ್ರಿ ಲಕ್ಕಯ್ಯ ಬಸ್ಸಿಗೆ ಕಾಯುತ್ತಾ ನಿಂತಿದ್ದ. ಅಬ್ಬ, ಪರಿಚಯದ ಮುಖ! ಪಕ್ಕಕ್ಕೆ ನಿಲ್ಲಿಸಿ ಗಾಜು ಇಳಿಸಲು ಒಂದು ಗುಂಡಿ ಒತ್ತಿದೆ. ವೈಪರ್ ಶುರುವಾಯಿತು. ಇನ್ನೊಂದು ಒತ್ತಿದೆ. ಗಾಜಿಗೆಲ್ಲ ಸೋಪಿನ ನೀರು ಚಿಮ್ಮಿತು. ಮತ್ತೊಂದು ಒತ್ತಿದೆ. ಹಾಡು ಹೊಡೆದುಕೊಳ್ಳಲು ಶುರುವಾಯಿತು. ಆ ಸೋಪಿನ ನೊರೆಯ ಹಿಂದಿನಿಂದ ನಾನು "ಲಕ್ಕಯ್ಯಾ! ಲಕ್ಕಯ್ಯಾ!" ಎಂದು ಕೈ ಬೀಸುತ್ತಿದ್ದರೆ, ಅವನು ಬಗ್ಗಿಯೂ ನೋಡದೆ, "ಫಾಲ್ಸು ಈ ಕಡೆ ಅಲ್ಲ ಸಾರ್, ಹಿಂದಕ್ಕೋಗಿ, ಹಿಂದಕ್ಕೆ!" ಎಂದು ಕೈ ತೋರಿಸಿ ಬಸ್ಸು ಹತ್ತಿಬಿಟ್ಟ. ಇಪ್ಪತ್ತು ವರ್ಷದಿಂದ ನನ್ನ ಮುಖ ನೋಡುತ್ತಿರುವವನು! ವೈಪರ್ ನಿಲ್ಲಿಸುವ ಗುಂಡಿ ಚಿಕ್ಕಮಗಳೂರಿನವರೆಗೂ ಸಿಗಲಿಲ್ಲ. ಸುಡುಬಿಸಿಲಿನಲ್ಲಿ ಗಾಜು ಒರೆಸಿಕೊಳ್ಳುತ್ತಲೇ ಪೇಟೆ ದಾಟಿದೆ.

ಸಫಾರಿ ಕೌಂಟರಿನಲ್ಲೂ ಅದೇ ಪ್ರಶ್ನೆ.

"ಎಷ್ಟ್ ಜನ?"

"ಒಬ್ಬ."

"ಒಬ್ರೇನಾ?"

"ಯಾಕಪ್ಪ, ಹುಲಿ ಒಂದೇ ಇರಲ್ವ? ಅದನ್ನ ಯಾರಾದ್ರೂ ಕೇಳ್ತಾರಾ?"

ಅವನು ನಗಲಿಲ್ಲ. ತಮಾಷೆ ಮಾಡಲೂ ಜೊತೆಗೊಬ್ಬರು ಬೇಕು, ಇಲ್ಲದಿದ್ದರೆ ತಲೆ ಕೆಟ್ಟವರ ಹಾಗೆ ಕಾಣುತ್ತೇವೆ. ಮಧ್ಯಾಹ್ನದ ಸಫಾರಿಗೆ ಇನ್ನೂ ಹೊತ್ತಿತ್ತು. ಫೋಟೊ ತೆಗೆಸಿಕೊಳ್ಳೋಣವೆಂದು ಅಲ್ಲಿದ್ದವರ ಹತ್ತಿರ ಹೋದೆ. ನಾನು ಬಾಯಿ ಬಿಡುವ ಮೊದಲೇ ಅವರು ತಮ್ಮ ಫೋನನ್ನು ನನ್ನ ಕೈಗಿಟ್ಟು, "ಅಂಕಲ್, ನಮ್ದೊಂದ್ ತೆಗೀರಿ" ಎಂದರು. ಆಮೇಲೆ ಇನ್ನೊಂದು ಸಂಸಾರ. ಆಮೇಲೆ ಹೊಸದಾಗಿ ಮದುವೆಯಾದ ಜೋಡಿ, ಅವರಿಗೆ ಮರದ ಈ ಕಡೆಯಿಂದ ಒಂದು, ಆ ಕಡೆಯಿಂದ ಒಂದು. ಊರವರದೆಲ್ಲ ತೆಗೆದು ಮುಗಿಸುವ ಹೊತ್ತಿಗೆ ಸಫಾರಿ ಜೀಪು ಹೊರಟು ನಿಂತಿತು. ನನ್ನ ಫೋಟೊ ತೆಗೆಯುವವರು ಯಾರೂ ಇರಲಿಲ್ಲ. ಫೋನಿನಲ್ಲಿ ನೆಟ್‌ವರ್ಕೂ ಇರಲಿಲ್ಲ.

ಜೀಪಿನ ಹಿಂದಿನ ಸಾಲಿನಲ್ಲಿ ನನಗೆ ಜಾಗ. ಮುಂದೆ ಜೋಡಿ, ಅವರ ಹಿಂದೆ ಅಪ್ಪ ಅಮ್ಮ ಮಗಳು. ನನ್ನ ಎಡಕ್ಕೆ ಆ ಸಂಸಾರದ ಚಿಪ್ಸಿನ ಚೀಲ. ಡ್ರೈವರ್ ಸುರೇಂದ್ರ, "ಹುಲಿ ಕಂಡ್ರೆ ಉಸಿರೂ ಬಿಡ್ಬೇಡಿ, ಮಾತಂತೂ ಬೇಡ್ವೇ ಬೇಡ" ಎಂದು ಮೊದಲೇ ಎಚ್ಚರಿಸಿದ. ನನಗೇನು ಕಷ್ಟ? ತಿಂಗಳುಗಟ್ಟಲೆ ಮಾತಾಡದಿರುವುದನ್ನೇ ಅಭ್ಯಾಸ ಮಾಡಿ ಬಂದಿದ್ದೆ!

ಜಿಂಕೆ ಕಂಡಿತು. ಕಾಟಿಗಳ, ಅದೇ ಕಾಡುಕೋಣಗಳ, ಹಿಂಡು ಕಂಡಿತು. ನವಿಲು ಕಂಡಿತು. ಇನ್ನೇನು ಮುಗಿಯಿತು ಎನ್ನುವಾಗ ಸುರೇಂದ್ರ ಫಕ್ಕನೆ ಬ್ರೇಕ್ ಒತ್ತಿ ಬೆರಳು ತೋರಿಸಿದ. ಲಂಟಾನದ ಪೊದೆ ಸರಿಯಿತು. ಹುಲಿ ಸಾಕ್ಷಾತ್ ದಾರಿಗಿಳಿದು, ನಿಂತು, ನಮ್ಮನ್ನೇ ನೋಡಿತಂತೆ. ಏನು ಗಾಂಭೀರ್ಯ, ಏನು ಬಣ್ಣ, ಏನು ಕಣ್ಣು!

ಎಲ್ಲರೂ ಹಾಗೆನ್ನುತ್ತಾರೆ. ನಾನು ನೋಡಲಿಲ್ಲ!

ಯಾಕೆಂದರೆ ಪೊದೆಯಲ್ಲಿ ಹಳದಿ ಮಿಂಚಿದ ಕ್ಷಣವೇ ನಾನು ಎಡಕ್ಕೆ ತಿರುಗಿ, ಚಿಪ್ಸಿನ ಚೀಲವನ್ನು ಮೊಣಕೈಯಿಂದ ತಿವಿದು, ಇಡೀ ಕಾಡಿಗೆ ಕೇಳುವಂತೆ ಕೂಗಿದ್ದೆ: "ರುದ್ರಾಣೀ! ನೋಡೇ ಇಲ್ಲಿ, ಹುಲಿ!"

ತಿರುಗಿ ನೋಡುವಷ್ಟರಲ್ಲಿ ಪೊದೆ ಅಲ್ಲಾಡುತ್ತಿತ್ತು ಅಷ್ಟೇ. ಫೋಟೊ ತೆಗೆಯಲು ಫೋನ್ ಎತ್ತಿದ್ದವರೆಲ್ಲ ಫೋನ್ ಇಳಿಸಿ ನನ್ನನ್ನು ನೋಡಿದರು. ಸುರೇಂದ್ರ ನಿಧಾನವಾಗಿ ಹಿಂದಕ್ಕೆ ತಿರುಗಿ, "ಸಾರ್, ಆ ಹುಲಿ ನಿಮಗೆ ಪರಿಚಯದ್ದಾ? ಹೆಸರು ಹಿಡಿದು ಕರೆದ್ರಲ್ಲ!" ಎಂದ.

ಜೀಪೆಲ್ಲ ನಕ್ಕಿತು. ನಾನೂ ನಕ್ಕೆ. ಮುಂದಿನ ಜೋಡಿ "ನೋಡಿದ್ಯಾ? ನೋಡಿದ್ಯಾ?" ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು. ನನ್ನನ್ನು ಕೇಳುವವರೂ ಇರಲಿಲ್ಲ, ನಾನು ಕೇಳಬೇಕಾದವರೂ ಅಲ್ಲಿರಲಿಲ್ಲ. ವಾಪಸು ಬರುವಾಗ ದಾರಿಯುದ್ದಕ್ಕೂ ನಾನು ಯಾವ ಪ್ರಾಣಿಯನ್ನೂ ನೋಡಲಿಲ್ಲ.

ಕಾಡಿನಿಂದ ಹೊರಗೆ ಬಂದು ನೆಟ್‌ವರ್ಕ್ ಸಿಕ್ಕಿದ್ದೇ ತಡ, ಜೇಬಿನಲ್ಲಿದ್ದ ಫೋನು ದೆವ್ವ ಹಿಡಿದಂತೆ ನಡುಗತೊಡಗಿತು. ತೆಗೆದು ನೋಡಿದರೆ ನಮ್ಮ ಬೆಳೆಗಾರರ ವಾಟ್ಸಪ್ ಗುಂಪಿನಲ್ಲಿ ನನ್ನದೇ ಫೋಟೊ! ಅದರ ಕೆಳಗೆ ಸಾಲು ಸಾಲಾಗಿ ಕೈ ಮುಗಿದ ಚಿತ್ರಗಳು!

ಆದದ್ದಿಷ್ಟು. ಮಧ್ಯಾಹ್ನ ರುದ್ರಾಣಿ ನನಗೆ ಫೋನ್ ಮಾಡಿದ್ದಾಳೆ, ಸಿಕ್ಕಿಲ್ಲ. ವೀರೇಂದ್ರನಿಗೆ ಮಾಡಿದ್ದಾಳೆ. ಅವನು, "ಯಾವ ಸಫಾರಿ ಅತ್ತಿಗೆ? ನಾನ್ ಮನೇಲೇ ಇದೀನಲ್ಲ!" ಎಂದಿದ್ದಾನೆ. ಗಾಬರಿಯಾಗಿ ನಮ್ಮ ಮನೆಗೆ ಬಂದು ನೋಡಿದರೆ ಬಾಗಿಲಿಗೆ ಬೀಗ, ಆದರೆ ಶೆಡ್ಡಿನಲ್ಲಿ ಜೀಪು. ಜೀಪು ಬಿಟ್ಟು ನಾನು ಎಲ್ಲಿಗೂ ಹೋಗುವವನಲ್ಲ. ಸಾಲದ್ದಕ್ಕೆ ಹಿಂದಿನ ದಿನವೇ, ಒಂಟಿ ಸಲಗವೊಂದು ಬಾಳೂರಿನ ತೋಟಗಳಲ್ಲಿ ತಿರುಗುತ್ತಿದೆ, ಯಾರೂ ಒಬ್ಬರೇ ಓಡಾಡಬೇಡಿ ಎಂಬ ಎಚ್ಚರಿಕೆ ಬಂದಿತ್ತು. ಹುಡುಕುತ್ತಾ ಹೋದವರಿಗೆ ಹಳ್ಳದ ಪಕ್ಕ ಕಾಫಿ ಗಿಡದ ಬುಡದಲ್ಲಿ ನನ್ನ ಟೋಪಿ ಸಿಕ್ಕಿದೆ. ವಾರದ ಹಿಂದೆ ಪೈಪು ರಿಪೇರಿ ಮಾಡುವಾಗ ಮರೆತು ಬಂದಿದ್ದ ಟೋಪಿ! ಅದರ ಪಕ್ಕದಲ್ಲೇ ಆನೆಯ ಲದ್ದಿ. ಮುಗಿಯಿತಲ್ಲ! ನನ್ನನ್ನು ಆನೆ ತುಳಿದಿದ್ದರಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ.

ನನ್ನ ಶ್ರದ್ಧಾಂಜಲಿಗಳನ್ನು ನಾನೇ ರಸ್ತೆ ಬದಿಯಲ್ಲಿ ನಿಂತು ಓದಿದೆ. "ಸ್ನೇಹಜೀವಿ ವೆಂಕಟೇಶಣ್ಣ ಇನ್ನಿಲ್ಲ" ಎಂದು ರೇಣುಕಪ್ರಸಾದ್ ಬರೆದಿದ್ದ. ಮೊನ್ನೆ, ರುದ್ರಾಣಿ ಇಲ್ಲದಾಗ, ಬೇಲಿ ಜಗಳವಾದ ಮೇಲೆ ಈ ಪಕ್ಕದ ತೋಟದವನು ನನ್ನ ಜೊತೆ ಮಾತೇ ಬಿಟ್ಟಿದ್ದ! "ಅವರ ನಗುಮುಖ ಮರೆಯಲಾಗದು" ಎಂದು ಇನ್ನೊಬ್ಬರು. ಇಷ್ಟು ಜನಕ್ಕೆ ನಾನು ಬೇಕಾಗಿದ್ದೇನೆಂದು ಗೊತ್ತಿದ್ದರೆ ಮುಂಚೆಯೇ ಸಾಯುತ್ತಿದ್ದೆನಲ್ಲ ಎನಿಸಿತು. ಬದುಕಿರುವಾಗ ಸಂಜೆ ಹೊತ್ತು ಒಬ್ಬರಾದರೂ ಒಂದು ಫೋನ್ ಮಾಡಬಾರದಿತ್ತೇ?

ರುದ್ರಾಣಿಗೆ ಫೋನ್ ಮಾಡಿದೆ.

"ಯಾರು?" ಅಳುವ ದನಿ. ಹಿಂದೆ ಕಾರಿನ ಹಾರ್ನ್ ಕೇಳಿಸಿತು.

"ನಾನೇ ಕಣೇ."

ಬಿಕ್ಕುವುದು ಮಾತ್ರ ಕೇಳಿಸುತ್ತಿತ್ತು. ಆಮೇಲೆ, "ಎಲ್ಲಿದೀರಿ?"

"ಮುತ್ತೋಡೀಲಿ. ಏನೂ ಆಗಿಲ್ಲ ನಂಗೆ."

"ಊಟ ಆಯ್ತಾ?"

"ಇಲ್ಲ."

"ನಾವು ಬೇಲೂರು ದಾಟಿದೀವಿ. ಸೀದಾ ಮನೆಗ್ ಬನ್ನಿ. ಆನೆ ಏನ್ ಮಾಡುತ್ತೆ, ನಾನ್ ಮಾಡ್ತೀನಿ ನಿಮಗೆ!" ಎಂದು ಫೋನ್ ಕುಕ್ಕಿದಳು.

ಮನೆ ತಲುಪಿದಾಗ ಕತ್ತಲಾಗಿತ್ತು. ಅಂಗಳದ ತುಂಬ ಜೀಪು, ಬೈಕು. ಜಗಲಿ ತುಂಬ ಜನ, ನಾನು ಬದುಕಿರುವುದು ಗೊತ್ತಾದ ಮೇಲೂ ಕದಲದವರು. ಎಲ್ಲರ ಕೈಯಲ್ಲೂ ರುದ್ರಾಣಿ ಮಾಡಿದ ಕಾಫಿ. ಕೆಂಪು ಕಾರು ಒಳಗೆ ಬಂದಾಗ ವೀರೇಂದ್ರ ಎದ್ದು ನಿಂತು, "ಈ ಟೂರಿಸ್ಟ್‌ಗಳಿಗೆ ಯಾರ ಮನೆ ಅಂಗಳ ಅಂತಾನೂ ಗೊತ್ತಾಗಲ್ವಾ!" ಎಂದು ಅಟ್ಟಲು ಬಂದ. ನನ್ನನ್ನು ನೋಡಿದವನೇ ತಬ್ಬಿಕೊಂಡು, ಆಮೇಲೆ ಬೆನ್ನಿಗೆ ಒಂದು ಗುದ್ದಿದ. "ಎಂಥ ಮನುಷ್ಯ ಮಾರಾಯ ನೀನು! ಹಳ್ಳದಲ್ಲೆಲ್ಲ ಹೆಣ ಹುಡುಕಿಸಿದ್ಯಲ್ಲೋ!"

ಲಕ್ಕಯ್ಯ ಕಾರನ್ನು ಸುತ್ತು ಹೊಡೆದು ನೋಡಿ ಹಣೆ ಚಚ್ಚಿಕೊಂಡ. "ಅಯ್ಯೋ, ಆ ಸೋಪಿನ ಕಾರ್‌ನೋರು ನೀವಾ ಸಾವ್ಕಾರ್ರೆ? ಫಾಲ್ಸ್‌ಗೆ ದಾರಿ ತೋರ್ಸಿದ್ನಲ್ಲ!"

ಎಲ್ಲರೂ ಬೈದು, ನಕ್ಕು, ಇನ್ನೊಂದು ಸುತ್ತು ಕಾಫಿ ಕುಡಿದು ಒಬ್ಬೊಬ್ಬರಾಗಿ ಹೊರಟರು. ಕಾರು ಓಡಿಸಿಕೊಂಡು ಬಂದಿದ್ದ ಅಳಿಯ ಅರುಣ್ ಒಳಗೆ ಸುಸ್ತಾಗಿ ಮಲಗಿದ. ಜಗಲಿಯಲ್ಲಿ ನಾವಿಬ್ಬರೇ ಉಳಿದೆವು. ಅವಳು ನನ್ನ ಮುಂದೆ ಅನ್ನ ಸಾರು ಇಟ್ಟು ಕೇಳಿದಳು.

"ಹುಲಿ ಆದ್ರೂ ನೋಡಿದ್ರಾ?"

"ಇಲ್ಲ. ಬಂದಿತ್ತು. ನೋಡೇ ಅಂತ ನಿನ್ ಕಡೆ ತಿರುಗಿದೆ. ಅಷ್ಟ್ರಲ್ಲಿ ಹೋಯ್ತು."

"ನಾನೆಲ್ಲಿದ್ದೆ ಅಲ್ಲಿ?"

"ಅದೇ... ಇರ್ಲಿಲ್ಲ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟೆ. ಇನ್ನು ಸುಳ್ಳು ಹೇಳುವ ತ್ರಾಣ ನನ್ನಲ್ಲಿರಲಿಲ್ಲ.

"ಬೇಜಾರಾಗ್ತಿತ್ತು ಕಣೇ, ನೀನಿಲ್ದೆ. ನೀನಾಗೇ ಬರ್ತೀನಿ ಅಂತೀಯೇನೋ ಅಂತ ಇದೆಲ್ಲ ಮಾಡ್ದೆ."

ರುದ್ರಾಣಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅಂಗಳದಲ್ಲಿ ನಿಂತ ಕೆಂಪು ಕಾರನ್ನು ನೋಡಿದಳು.

"ದಿನಾ 'ಬರ್ಲಾ' ಅಂತ ನಾನ್ ಕೇಳ್ತಾ ಇದ್ದಿದ್ದು ಯಾಕೆ ಅಂದ್ಕೊಂಡ್ರಿ? ನೀವು 'ಬಾ' ಅನ್ಲಿ ಅಂತ! ಒಂದ್ಸಲ ಅಂದಿದ್ರೆ ಫ್ರೀ ಬಸ್ಸಲ್ಲೇ ಬಂದ್ಬಿಡ್ತಿದ್ದೆ!"