ಹಿಂದಕ್ಕೆ ನಡೆದು ಗೆದ್ದ ಹಾಡು

ಊಹಿಸಿ ನೋಡೋಣ. ನಿವೃತ್ತ ಕನ್ನಡ ಲೆಕ್ಚರರ್ ಒಬ್ಬ ಸಿಂಧನೂರಿನ ಕ್ರೈಸ್ತ ಸಭೆಗೆ ತನ್ನ ಮೊಟ್ಟಮೊದಲ ಆರಾಧನಾ ಗೀತೆ ಬರೆದ, ಮೈಕ್ ಮುಂದೆ ನಿಂತು ತಾನೇ ಹಾಡಿದ. ಸಭೆ ಏನು ಮಾಡಿತು? ಕಣ್ಣೀರು ಹಾಕಿತೇ? ಚಪ್ಪಾಳೆ ತಟ್ಟಿತೇ? ಎರಡೂ ಅಲ್ಲ, ಚಪ್ಪಲಿ ಹುಡುಕಿತು. ಆ ಲೆಕ್ಚರರ್ ನಾನೇ. ಪೆನ್ಷನ್ ತಿನ್ನುವ ಮನುಷ್ಯ ಸುಮ್ಮನಿರದೆ ಹಾಡು ಬರೆಯಲು ಹೊರಟರೆ ಇಂಥವು ನಡೆಯುತ್ತಲೇ ಇರುತ್ತವೆ.

೧. ಲಗೂನ ಬಿಟ್ಟ ಆರಾಧನೆ

ಸರ್ವೀಸಿನುದ್ದಕ್ಕೂ ಹಳಗನ್ನಡ ಪಾಠ ಮಾಡಿದ ನಾಲಗೆ ನನ್ನದು. 'ದೇವರೇ' ಎಂದು ಬರೆಯಲು ಪೆನ್ನು ಒಪ್ಪಲಿಲ್ಲ. 'ನಿಖಿಲ ಭುವನ ಪರಿಪಾಲಕನೇ' ಎಂದು ಶುರುವಾಗಿ ಐದು ಚರಣ ಹೋಯಿತು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಸಭೆಯವರೆಲ್ಲ ಎದ್ದು ನಿಂತು ತಲೆ ಬಾಗಿಸಿದರು. ನನಗೋ ಹಿಗ್ಗು. ಹಾಡು ಮುಗಿದದ್ದೇ ತಡ, 'ಆಮೆನ್' ಎಂದು ಜಮಖಾನ ಬಿಟ್ಟು ಹೊರಟೇಬಿಟ್ಟರು. ಅಷ್ಟು ಘನವಾದ ಮಾತು ಬಂದ ಮೇಲೆ ಅದು ಕೊನೆಯ ಆಶೀರ್ವಾದವೇ ಇರಬೇಕು ಅಂದುಕೊಂಡಿದ್ದರು. ಪಾಸ್ಟರ್ ಪ್ರಸಂಗಕ್ಕೆಂದು ತೆರೆದ ಬೈಬಲ್ ಹಿಡಿದು ನಿಂತೇ ಇದ್ದರು. ಬಾಗಿಲಲ್ಲಿ ಹಿರಿಯರೊಬ್ಬರು ನನ್ನ ಕೈ ಹಿಡಿದು, "ಸರ್ರ, ಇವತ್ತು ಲಗೂನ ಬಿಟ್ರಿ. ದೇವರು ನಿಮ್ಮನ್ನ ಚಂದಾಗಿ ಇಟ್ಟಿರಲಿ" ಎಂದರು.

೨. ಲಿಂಗಸುಗೂರಿನ ಕತ್ತರಿ

ನಮ್ಮ ಸಭೆಯಲ್ಲಿ ಕೈಬರಹದ ಹಾಡಿನ ಪುಸ್ತಕ ಒಂದಿದೆ. ಅದರಲ್ಲಿ ನನ್ನದೊಂದು ಹಾಡು ಸೇರಬೇಕು, ನಿವೃತ್ತಿಯಾದ ಮೇಲೆ ನನಗಿದ್ದ ಆಸೆ ಅದೊಂದೇ. ಪಾಸ್ಟರ್ ಷರತ್ತು ಹಾಕಿದರು. ಗೊರೇಬಾಳದಿಂದ ಬರುವ ದೊಡ್ಡಮ್ಮ ಒಬ್ಬರಿದ್ದಾರೆ, ಭತ್ತದ ನಾಟಿ ಹಚ್ಚುವ ಹೆಣ್ಣುಮಕ್ಕಳ ಗುಂಪಿಗೆ ಮುಂದಾಳು, ಅಕ್ಷರ ಬರುವುದಿಲ್ಲ. ಹಾಡನ್ನು ಅವರು ಒಮ್ಮೆ ಕೇಳಿ, ಮುಂದಿನ ವಾರ ತಾವೇ ಹಾಡಬೇಕು. "ಅರ್ಧ ಸಭಿ ಓದಾಂಗಿಲ್ರಿ ಸರ್. ಆಕಿ ಬಾಯಾಗ ನಿಂತ್ರ ಪುಸ್ತಕದಾಗ ನಿಂತಂಗ" ಎಂದರು.

ರಾಗ ಕೂಡಿಸಲು ಲಿಂಗಸುಗೂರಿಗೆ ಹೋದೆ. ಅಲ್ಲಿ ಕೀಬೋರ್ಡ್ ನುಡಿಸುವ ಭಕ್ತ ವೃತ್ತಿಯಲ್ಲಿ ಟೇಲರ್. ಹಾಡು ನೋಡಿ ಕಿವಿಯ ಹಿಂದಿನ ಪೆನ್ಸಿಲ್ ತೆಗೆದ. ಸಾಲು ತಾಳಕ್ಕಿಂತ ಉದ್ದವಾಗಿದೆಯಂತೆ, ಒಳಗೆ ಹಿಡಿಯಬೇಕಂತೆ. ಇದೇನು ಪ್ಯಾಂಟ್ ಅಲ್ಲಪ್ಪ ಎಂದೆ. "ಪ್ಯಾಂಟ್ ಆಗಿದ್ರ ಗಿರಾಕಿ ಯಾವಾಗೋ ತಂದು ಮಾರಿ ಮ್ಯಾಲೆ ಒಗೀತಿದ್ದ ಬಿಡ್ರಿ" ಎಂದು ಪರಿಪಾಲಕನನ್ನು ಹೊಡೆದುಹಾಕಿ 'ದೇವರೇ' ಎಂದು ಬರೆದ. ಐದು ಚರಣ ಎರಡಾಯಿತು. ಹೊರಡುವಾಗ ಹೊಡೆದುಹಾಕಿದ ಮೂರು ಚರಣದ ಹಾಳೆಯನ್ನು ನೀಟಾಗಿ ಮಡಚಿ ನನ್ನ ಜೇಬಿಗಿಟ್ಟ. "ಮಿಕ್ಕಿದ ಅರಿಬಿ ವಾಪಸ್ ತಗೋರಿ. ನಾವು ಇಟ್ಕೊಳ್ಳೋ ಪೈಕಿ ಅಲ್ಲ."

೩. ಮಸ್ಕಿಯಲ್ಲಿ ಹಾಡು ಸಾಲಲಿಲ್ಲ

ಮಸ್ಕಿಯ ಸಭೆಯವರು ಸಂಜೆಯ ಪ್ರಭುಭೋಜನಕ್ಕೆ ಹಾಡಲು ಕರೆದರು. ನಾನು, ಟೇಲರ್, ಜೊತೆಗೆ ದೊಡ್ಡಮ್ಮ ಹೋದೆವು, ಅವರು ಅಲ್ಲೇ ಕೇಳಿಸಿಕೊಂಡರಾಯಿತು ಎಂದು. ಅಲ್ಲಿಯ ಪದ್ಧತಿ ನನಗೆ ಗೊತ್ತಿರಲಿಲ್ಲ. ರೊಟ್ಟಿ, ದ್ರಾಕ್ಷಾರಸ ಕೊನೆಯವರ ಕೈಗೆ ಮುಟ್ಟುವ ತನಕ ಹಾಡು ನಿಲ್ಲಿಸುವಂತಿಲ್ಲ. ಎರಡು ಚರಣದ ಹಾಡು ಮೂರನೇ ಸಾಲಿನ ಮಂದಿಗೇ ಮುಗಿಯಿತು. ಟೇಲರ್ ಕೀಬೋರ್ಡ್ ಬಿಡದೆ, "ಎಳೀರಿ ಸರ್, ಮಂದಿ ಇನ್ನೂ ಭಾಳ ಅದಾರ" ಎಂದ. ಜೇಬಿನ ಹಾಳೆಯ ಚರಣಗಳು ಆ ತಾಳಕ್ಕೆ ಕೂಡುವಂತಿರಲಿಲ್ಲ. ಬಾಯಿಗೆ ಬಂದದ್ದನ್ನು ಹಾಡಿದೆ. ಕಾಲುವೆಗೆ ನೀರು ಬಿಟ್ಟಿದ್ದಕ್ಕೆ ಸ್ತೋತ್ರ, ಸಸಿ ಹಿಡಿದ ಬೆರಳಿಗೆ ಸ್ತೋತ್ರ, ಬಗ್ಗಿದ ಬೆನ್ನಿಗೆ ಬಲ ಕೊಟ್ಟಿದ್ದಕ್ಕೆ ಸ್ತೋತ್ರ. ಹಿಂದಿನ ಸಾಲಿನ ಹೆಣ್ಣುಮಕ್ಕಳು ಕಣ್ಣೊರೆಸಿಕೊಂಡರು. ಮುಗಿದ ಮೇಲೆ ಅಲ್ಲಿಯ ಹಿರಿಯರು ಆ ಕೊನೆಯ ಚರಣಗಳನ್ನು ಬರೆದುಕೊಡಿ ಎಂದರು. ನನಗಾಗಲಿ ಟೇಲರ್‌ಗಾಗಲಿ ಅದರ ಒಂದು ಸಾಲೂ ನೆಟ್ಟಗೆ ನೆನಪಿರಲಿಲ್ಲ. ಹುಟ್ಟಿದ ಮೇಲೆ ಬರೆದ ಒಂದೇ ಒಳ್ಳೆಯ ಹಾಡು ಬರೆಯದೇ ಹೋಗಿತ್ತು.

೪. ದೊಡ್ಡಮ್ಮನ ಬೆನ್ನು

ಮುಂದಿನ ಭಾನುವಾರ ಸಿಂಧನೂರಿನಲ್ಲಿ ಪರೀಕ್ಷೆ. ಪಾಸ್ಟರ್ ಪುಸ್ತಕ ಬಿಚ್ಚಿ, ಪೆನ್ನು ಹಿಡಿದು ಕುಳಿತರು. ದೊಡ್ಡಮ್ಮ ಎದ್ದು ನಿಂತರು, ಸೆರಗು ಸರಿ ಮಾಡಿಕೊಂಡರು, ಬಾಯಿ ತೆರೆದರು. ಏನೂ ಬರಲಿಲ್ಲ. ಪಾಸ್ಟರ್ ಪೆನ್ನಿನ ಮುಚ್ಚಳ ಹಾಕಿದರು.

"ತಡೀರಿ ಅಯ್ಯನವರ" ಎಂದರು ದೊಡ್ಡಮ್ಮ. "ವಾರಪೂರ್ತಿ ಗದ್ದ್ಯಾಗ ಹಾಡೀನಿ. ನಿಂತ್ರ ಬರವಲ್ದು, ಬಗ್ಗಬೇಕ್ರಿ."

ಸೀರೆ ಮೇಲೆತ್ತಿ ಸಿಕ್ಕಿಸಿ, ನಡು ಬಗ್ಗಿಸಿದರು. ಎಡಗೈಯಲ್ಲಿ ಇಲ್ಲದ ಸಸಿಯ ಕಟ್ಟು, ಬಲಗೈಯಲ್ಲಿ ಜಮಖಾನದ ಮೇಲೆ ನಾಟಿ. ಹಾಡು ಬಂತು ನೋಡಿ! ಕಾಲುವೆ ಬಂತು, ಬೆರಳು ಬಂತು, ಬೆನ್ನು ಬಂತು, ಮಸ್ಕಿಯಲ್ಲಿ ನಾನು ಕಳೆದುಕೊಂಡದ್ದೆಲ್ಲ ಒಂದಕ್ಷರ ಬಿಡದೆ ಬಂತು. ಅವರ ಗುಂಪಿನವರೂ ಎದ್ದು ಸಾಲಾಗಿ ಬಗ್ಗಿದರು. ನಾಟಿ ಹಚ್ಚುವವರು ಹಿಂದಕ್ಕೇ ಸರಿಯುತ್ತಾರಲ್ಲ, ಹಾಡುತ್ತ ಹಾಡುತ್ತ ಇಡೀ ಸಾಲು ಹಿಮ್ಮುಖವಾಗಿ ಬಾಗಿಲು ದಾಟಿ ಅಂಗಳಕ್ಕೆ ಹೋಯಿತು. ಉಳಿದ ಸಭೆ ಹಾಡುತ್ತ ಬೆನ್ನು ಹತ್ತಿತು. ಪಾಸ್ಟರ್ ಪುಸ್ತಕವನ್ನು ನನ್ನ ಕೈಗೆ ತುರುಕಿ, "ಬರ್ಕೋರಿ ಸರ್, ಲಗೂ ಬರ್ಕೋರಿ" ಎಂದು ತಾವೂ ಬಗ್ಗಿದರು.

ನಾನು ಬರಿಗಾಲಲ್ಲಿ ಹಿಂದೆ ಓಡುತ್ತ, "ಯವ್ವಾ, ನಾಕನೇ ಚರಣ ಏನಂದ್ರಿ?" ಎಂದು ಕೇಳಿದೆ.

ದೊಡ್ಡಮ್ಮ ತಲೆ ಎತ್ತದೆ ಹೇಳಿದರು: "ಹಾಡು ಬರ್ದೋರು ನೀವಲ್ಲೇನ್ರಿ ಸರ್ರ? ನನ್ನ ಕೇಳಾಕತ್ತೀರಿ."

ಹೇಳಿಸಿಕೊಂಡು ಬರೆದೆ. ನನ್ನ ಹಾಡು ಪುಸ್ತಕ ಸೇರಿದ ದಿನ, ಹೋದ ಆಗಸ್ಟ್ ತಿಂಗಳ ಎರಡನೇ ಭಾನುವಾರ.